ಚಾರ್ಟಿನ ಮೇಲೆ ನಮ್ಮದೇ ಚಿಹ್ನೆ: ಹನಿ ತಲೆಕೆಳಗಾಗುವುದೇಕೆ, ಪಂಪಿನ ರಂಧ್ರ ಮುಚ್ಚಿಹೋಗುವುದೇಕೆ?

ಪ್ರಶ್ನೆ: ನೀರು ಸರಬರಾಜು ಜಾಲದ ಅಂಕಿಅಂಶ ಇಟ್ಟುಕೊಂಡು ಪ್ರತಿ ವಾರ ಪೈಥಾನ್ ಸ್ಕ್ರಿಪ್ಟಿನಿಂದ ಚಾರ್ಟ್ ತೆಗೆಯುತ್ತೇನೆ. ಬಳಸುವುದು ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಚಾರ್ಟ್ ಬರೆಯುವ ಲೈಬ್ರರಿ. ಚುಕ್ಕೆ, ಚೌಕಗಳ ಬದಲು ಪಂಪು, ವಾಲ್ವು ಮತ್ತು ಸೋರಿಕೆಗೆ ನಮ್ಮ ಡಿಸೈನರ್ ಬರೆದುಕೊಟ್ಟ ಎಸ್‌ವಿಜಿ (ಗೆರೆಗಳಾಗಿ ಉಳಿಸುವ ಚಿತ್ರರೂಪ) ಚಿಹ್ನೆಗಳನ್ನು ಹಾಕಬೇಕು. ಅವನ್ನು ಪಾತ್ (ಬಿಂದುಗಳ ಮತ್ತು ಗೆರೆ ಎಳೆಯುವ ಸೂಚನೆಗಳ ಪಟ್ಟಿ) ಆಗಿ ಬದಲಿಸಿ ಮಾರ್ಕರ್‌ಗೆ, ಅಂದರೆ ಬಿಂದುವಿನ ಮೇಲೆ ಬರೆಯುವ ಗುರುತಿಗೆ, ಕೊಟ್ಟೆ. ಎಲ್ಲವೂ ಹೇಳಿದ ಅಳತೆಗಿಂತ ಚಿಕ್ಕದಾಗಿ, ಬಿಂದುವಿನಿಂದ ಬಲಕ್ಕೆ ಮೇಲಕ್ಕೆ ಸರಿದು ಕೂತವು. ಸೋರಿಕೆಯ ಹನಿ ತಲೆಕೆಳಗಾಯಿತು. ಪಂಪು ಅಂದರೆ ವೃತ್ತ, ಅದರೊಳಗೆ ಬಲಕ್ಕೆ ಮುಖ ಮಾಡಿದ ಖಾಲಿ ತ್ರಿಕೋನ. ಆ ಖಾಲಿ ಜಾಗವೂ ಬಣ್ಣ ತುಂಬಿಕೊಂಡು ಬರಿಯ ವೃತ್ತವಾಯಿತು. ‘ಸರಾಸರಿ ಕಳೆದು 180 ಡಿಗ್ರಿ ತಿರುಗಿಸಿ’ ಎಂದು ಯಾರೋ ಹೇಳಿದ್ದನ್ನು ಮಾಡಿದೆ. ಹನಿ ನೆಟ್ಟಗಾಯಿತು, ಆದರೆ ಬಿಂದುವಿನ ಮೇಲೆ ಸರಿಯಾಗಿ ಕೂರುತ್ತಿಲ್ಲ. ಮೊನ್ನೆ ರಂಧ್ರ ಸರಿಪಡಿಸಿದ ಇನ್ನೊಂದು ಪಂಪು ಸಿಕ್ಕಿತು, ಅದರ ತ್ರಿಕೋನ ಈಗ ಎಡಕ್ಕೆ ತಿರುಗಿದೆ. ಸಹೋದ್ಯೋಗಿಯೊಬ್ಬರು ‘ಮಾರ್ಕರ್ ಅಂದರೆ ಲೈಬ್ರರಿಯಲ್ಲಿ ಇರುವಷ್ಟೇ, ಪಿಎನ್‌ಜಿ ಚಿತ್ರ ಅಂಟಿಸಿಬಿಡಿ’ ಅನ್ನುತ್ತಾರೆ. ಅಂಟಿಸಿದರೆ ಪಿಡಿಎಫ್‌ನಲ್ಲಿ ಮಸುಕು, ಲೆಜೆಂಡಿನಲ್ಲಿ (ಚಿಹ್ನೆಗಳ ಅರ್ಥ ಹೇಳುವ ಪಟ್ಟಿ) ಕಾಣುವುದೇ ಇಲ್ಲ. ಯಾವ ದಾರಿ ಸರಿ?

ಉತ್ತರ: ನಿಮ್ಮ ಮೊದಲ ದಾರಿಯೇ ಸರಿ, ಪಿಎನ್‌ಜಿಗೆ ಹೋಗಬೇಕಾಗಿಲ್ಲ. ನೀವು ಹೇಳಿದ ದೋಷಗಳಲ್ಲಿ ಒಂದೂ ಲೈಬ್ರರಿಯ ದೋಷವಲ್ಲ, ಹಾಗೆಂದು ಎಲ್ಲದಕ್ಕೂ ಒಂದೇ ಮದ್ದೂ ಇಲ್ಲ. ಮಾರ್ಕರ್ ಅನ್ನುವುದು ಮೊಹರು ಇದ್ದ ಹಾಗೆ: ಆಕಾರ ಒಂದು ಕಡೆ, ಅದರ ಯಾವ ಜಾಗ ಕಾಗದದ ಬಿಂದುವಿನ ಮೇಲೆ ಕೂರಬೇಕು ಅನ್ನುವುದು ಇನ್ನೊಂದು ಕಡೆ, ಎಷ್ಟು ದೊಡ್ಡದು ಎಂಬುದು ಮತ್ತೊಂದು ಕಡೆ. ಎಸ್‌ವಿಜಿ ಕಡತದಿಂದ ನಿಮಗೆ ಸಿಕ್ಕಿದ್ದು ಆಕಾರ ಮಾತ್ರ. ಉಳಿದೆರಡನ್ನು ನೀವು ಹೇಳಲಿಲ್ಲ, ಮ್ಯಾಟ್‌ಪ್ಲಾಟ್‌ಲಿಬ್ ತನ್ನ ನಿಯಮದಂತೆ ಊಹಿಸಿಕೊಂಡಿತು.

ಸಹೋದ್ಯೋಗಿಯ ಮಾತನ್ನು ಮೊದಲು ಮುಗಿಸೋಣ. ಮಾರ್ಕರ್ ಜಾಗದಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಒಪ್ಪಿಕೊಳ್ಳುವುದು ಸಿದ್ಧ ಅಕ್ಷರಗಳನ್ನು ಮಾತ್ರವಲ್ಲ. ಎಕ್ಸ್-ವೈ ಜೋಡಿಗಳ ಪಟ್ಟಿ ಕೊಡಬಹುದು, ಪಾತ್ ವಸ್ತು ಕೊಡಬಹುದು, ಎರಡು ಡಾಲರ್ ಗುರುತುಗಳ ನಡುವೆ ಅಕ್ಷರ ಬರೆದು ಕೊಡಬಹುದು. ಬಾಹುಗಳ ಸಂಖ್ಯೆ, ಶೈಲಿ, ಕೋನ ಎಂಬ ಮೂರರ ಗುಂಪು ಕೊಟ್ಟರೂ ಸರಿ: ಶೈಲಿ 0 ಆದರೆ ಬಹುಭುಜ, 1 ಆದರೆ ನಕ್ಷತ್ರ, 2 ಆದರೆ ಕಡ್ಡಿಗಳ ನಕ್ಷತ್ರ. ಒಂದು ಮಿತಿ ಮಾತ್ರ ನಿಜ. ಬಿಂದುಗಳನ್ನು ಹಾಕುವ ‘ಸ್ಕ್ಯಾಟರ್’ ಫಂಕ್ಷನ್ನಿನ ಒಂದು ಕರೆಗೆ ಒಂದೇ ಆಕಾರ. ಬಣ್ಣ ಮತ್ತು ಅಳತೆಯನ್ನು ಬಿಂದುವಿನಿಂದ ಬಿಂದುವಿಗೆ ಬದಲಿಸಬಹುದು, ಆಕಾರವನ್ನಲ್ಲ. ಹಾಗಾಗಿ ಪಂಪಿಗೊಂದು, ವಾಲ್ವಿಗೊಂದು, ಸೋರಿಕೆಗೊಂದು ಎಂದು ಮೂರು ಕರೆ ಬರೆಯಬೇಕು.

ಚಿಕ್ಕದಾಗಿ, ಪಕ್ಕಕ್ಕೆ ಸರಿದು ಕೂರುವುದೇಕೆ

ನೀವು ಕೊಟ್ಟ ಪಾತ್‌ನಲ್ಲಿ ಇರುವ ಎಲ್ಲ ಎಕ್ಸ್, ವೈ ಬೆಲೆಗಳ ಪೈಕಿ, ಧನ-ಋಣ ಗುರುತು ಬಿಟ್ಟು ನೋಡಿದಾಗ ಅತಿ ದೊಡ್ಡದು ಯಾವುದೋ ಅದನ್ನು ಮ್ಯಾಟ್‌ಪ್ಲಾಟ್‌ಲಿಬ್ ಹುಡುಕುತ್ತದೆ. ಅದು 0.5 ಆಗುವಂತೆ ಇಡೀ ಆಕಾರವನ್ನು ಕುಗ್ಗಿಸುತ್ತದೆ ಅಥವಾ ಹಿಗ್ಗಿಸುತ್ತದೆ. ಆಮೇಲೆ (0,0) ಎಲ್ಲಿದೆಯೋ ಆ ಜಾಗವನ್ನು ನಿಮ್ಮ ದತ್ತಾಂಶದ ಬಿಂದುವಿನ ಮೇಲೆ ಕೂರಿಸುತ್ತದೆ. ಮಾಡುವುದು ಇಷ್ಟೇ. ಆಕಾರದ ನಡುವನ್ನು ಅದು ತಾನಾಗಿ ಹುಡುಕುವುದಿಲ್ಲ.

ಈಗ 24×24 ಚೌಕಟ್ಟಿನಲ್ಲಿ ಬರೆದ ಐಕಾನ್ ತೆಗೆದುಕೊಳ್ಳಿ. ಎಸ್‌ವಿಜಿಯಲ್ಲಿ ಮೂಲಬಿಂದು ಚೌಕಟ್ಟಿನ ಮೂಲೆಯಲ್ಲಿರುತ್ತದೆ, ಆದ್ದರಿಂದ ಬೆಲೆಗಳೆಲ್ಲ 0ರಿಂದ 24ರವರೆಗೆ. ಅತಿ ದೊಡ್ಡದು 24, ಅದು 0.5 ಆಗುತ್ತದೆ. ಪೂರ್ತಿ ಅಳತೆಯ ಮಾರ್ಕರ್ −0.5ರಿಂದ 0.5ರವರೆಗೆ ಹರಡಿಕೊಳ್ಳಬೇಕಿತ್ತು. ನಿಮ್ಮದು 0ಯಿಂದ 0.5ರ ಮೂಲೆಯಲ್ಲಿ ಮುದುಡಿಕೊಂಡಿದೆ. ಉದ್ದಗಲ ಅರ್ಧ, ವಿಸ್ತೀರ್ಣ ಕಾಲು ಭಾಗ, ಜಾಗ ಬಲಕ್ಕೆ ಮೇಲಕ್ಕೆ. ನೀವು ವರ್ಣಿಸಿದ್ದು ಇದನ್ನೇ.

ಮದ್ದು ಸುಲಭ. ಎಕ್ಸ್ ಬೆಲೆಗಳ ಕನಿಷ್ಠ ಮತ್ತು ಗರಿಷ್ಠ ಕೂಡಿಸಿ ಎರಡರಿಂದ ಭಾಗಿಸಿ, ಬಂದದ್ದನ್ನು ಎಲ್ಲ ಎಕ್ಸ್‌ಗಳಿಂದ ಕಳೆಯಿರಿ. ವೈಗೂ ಹಾಗೆಯೇ. ಚಿತ್ರ ಅಡ್ಡಕ್ಕೆ 2ರಿಂದ 22, ಉದ್ದಕ್ಕೆ 3ರಿಂದ 21 ಇದ್ದರೆ ನಡು (12,12). ಕಳೆದ ಮೇಲೆ ಅಡ್ಡಕ್ಕೆ ±10, ಉದ್ದಕ್ಕೆ ±9 ಉಳಿಯುತ್ತದೆ. ಅಗಲ ಪೂರ್ತಿ ಅಳತೆಗೆ ಬರುತ್ತದೆ, ಎತ್ತರ ಅದರ ಹತ್ತರಲ್ಲಿ ಒಂಬತ್ತು ಪಾಲು.

ಸರಾಸರಿ ಕಳೆಯುವ ಸಲಹೆ ಎಡವುವುದು ಇಲ್ಲಿಯೇ. ಪಾತ್‌ನ ಬಿಂದುಗಳು ಆಕಾರದ ಸುತ್ತ ಸಮನಾಗಿ ಹರಡಿರುವುದಿಲ್ಲ. ಹನಿಯ ಚೂಪು ತುದಿಗೆ ಒಂದೇ ಬಿಂದು ಸಾಕು. ಕೆಳಗಿನ ದುಂಡು ಭಾಗಕ್ಕೆ ವಕ್ರರೇಖೆಯ ನಿಯಂತ್ರಣ ಬಿಂದುಗಳು ಸಾಲಾಗಿ ಬೇಕು. ಸರಾಸರಿ ದುಂಡು ಭಾಗದ ಕಡೆ ವಾಲುತ್ತದೆ, ಅದನ್ನೇ ನಡು ಎಂದು ಇಟ್ಟುಕೊಂಡರೆ ಇಡೀ ಹನಿ ಮೇಲಕ್ಕೆ ಸರಿಯುತ್ತದೆ. ಇದರ ಜೊತೆ ಇನ್ನೊಂದು ಕಾಣದ ಕಾಟವಿದೆ. ಆಕಾರ ಮುಚ್ಚುವ ‘ಕ್ಲೋಸ್‌ಪಾಲಿ’ ಸೂಚನೆಗೂ ಒಂದು ಬಿಂದು ಜೋಡಿಸಿರಬೇಕು. ಚಿತ್ರ ಬರೆಯುವಾಗ ಆ ಬಿಂದುವಿಗೆ ಬೆಲೆಯಿಲ್ಲ, ಹಾಗಾಗಿ ಬಹಳ ಜನ ಅಲ್ಲಿ (0,0) ತುಂಬಿಬಿಡುತ್ತಾರೆ. ಸರಾಸರಿ, ಕನಿಷ್ಠ, ಗರಿಷ್ಠ ಲೆಕ್ಕ ಹಾಕುವಾಗ ಮಾತ್ರ ಅದು ನಡುವೆ ಬಾಯಿ ಹಾಕುತ್ತದೆ. ಆ ಜಾಗದಲ್ಲಿ ಆಕಾರದ ಆರಂಭ ಬಿಂದುವನ್ನೇ ಬರೆದರೆ ತೊಂದರೆ ತಪ್ಪುತ್ತದೆ.

ನಡುವೇ ಯಾವಾಗಲೂ ಸರಿಯಾದ ಆಧಾರಬಿಂದು ಎಂದೂ ತಿಳಿಯಬೇಡಿ. ಸ್ಥಳ ತೋರಿಸುವ ಪಿನ್ ಆಗಲಿ ಬಾವುಟವಾಗಲಿ, ಅದರ ತುದಿ ಅಥವಾ ಬುಡ ಬಿಂದುವಿನ ಮೇಲೆ ನಿಲ್ಲಬೇಕು. ಆಗ ತುದಿಯನ್ನೇ (0,0)ಗೆ ತನ್ನಿ. ಆದರೆ ಕುಗ್ಗಿಸುವ ನಿಯಮ ಬದಲಾಗಿಲ್ಲ, ಇಡೀ ಎತ್ತರ 0.5ಕ್ಕೆ ಇಳಿಯುತ್ತದೆ. ಹಾಗಾಗಿ ಇಂಥ ಚಿಹ್ನೆಗೆ ಗೆರೆ ಎಳೆಯುವ ‘ಪ್ಲಾಟ್’ ಫಂಕ್ಷನ್ನಿನಲ್ಲಿ ಅಳತೆಯನ್ನು ಎರಡು ಪಟ್ಟು, ‘ಸ್ಕ್ಯಾಟರ್’ನಲ್ಲಿ ನಾಲ್ಕು ಪಟ್ಟು ಕೊಡಬೇಕು.

ಎರಡು, ನಾಲ್ಕು ಎಂಬ ವ್ಯತ್ಯಾಸ ಏಕೆ ಅಂದರೆ ಎರಡರ ಏಕಮಾನವೇ ಬೇರೆ. ‘ಪ್ಲಾಟ್’ನ ಮಾರ್ಕರ್‌ಸೈಜ್ ಅಡ್ಡಳತೆ, ಅಚ್ಚಿನ ಪಾಯಿಂಟ್‌ಗಳಲ್ಲಿ (ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಪಾಲು). ‘ಸ್ಕ್ಯಾಟರ್’ನ ಎಸ್ ಆ ಪಾಯಿಂಟ್‌ಗಳ ವರ್ಗ. ಮಾರ್ಕರ್‌ಸೈಜ್ 12 ಅಂದರೆ ಎಸ್ 144. ಪೂರ್ವನಿಗದಿ ಬೆಲೆಗಳೂ ಹಾಗೆಯೇ, 6 ಮತ್ತು 36. ಸೋರಿಕೆಯ ಪ್ರಮಾಣವನ್ನು ಹನಿಯ ಗಾತ್ರದಲ್ಲಿ ತೋರಿಸುವ ಇರಾದೆ ಇದ್ದರೆ ಎಸ್ ಅನ್ನು ಪ್ರಮಾಣಕ್ಕೆ ನೇರ ಅನುಪಾತದಲ್ಲಿ ಇಡಿ. ಮಾರ್ಕರ್‌ಸೈಜನ್ನು ನೇರ ಅನುಪಾತದಲ್ಲಿ ಇಟ್ಟರೆ ಎರಡು ಪಟ್ಟು ಸೋರಿಕೆ ನೋಡುವವರ ಕಣ್ಣಿಗೆ ನಾಲ್ಕು ಪಟ್ಟಾಗುತ್ತದೆ.

ತಿರುಗಿಸುವುದಲ್ಲ, ಮಗುಚುವುದು

ಎಸ್‌ವಿಜಿಯಲ್ಲಿ ವೈ ಕೆಳಮುಖವಾಗಿ ಬೆಳೆಯುತ್ತದೆ, ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮೇಲ್ಮುಖವಾಗಿ. ಹನಿ ತಲೆಕೆಳಗಾಗಲು ಬೇರೆ ಕಾರಣವಿಲ್ಲ. ನಡು ಸರಿಪಡಿಸಿದ ಮೇಲೆ ವೈ ಬೆಲೆಗಳನ್ನೆಲ್ಲ −1ರಿಂದ ಗುಣಿಸಿ, ಅಷ್ಟೇ. 180 ಡಿಗ್ರಿ ತಿರುಗಿಸಿದರೆ ಮೇಲು ಕೆಳಗಾಗುವುದರ ಜೊತೆ ಎಡವೂ ಬಲವಾಗುತ್ತದೆ. ಹನಿ ಎಡಬಲ ಒಂದೇ ಥರ ಇರುವುದರಿಂದ ಅದರಲ್ಲಿ ಗೊತ್ತಾಗಲಿಲ್ಲ, ಪಂಪಿನಲ್ಲಿ ಸಿಕ್ಕಿಬಿತ್ತು. ನೀರು ಹರಿಯುವ ದಿಕ್ಕನ್ನೇ ಉಲ್ಟಾ ತೋರಿಸುವ ಪಂಪು ಬರಿಯ ಅಂದದ ದೋಷವಲ್ಲ, ಚಾರ್ಟ್ ಸುಳ್ಳು ಹೇಳಿದಂತೆ.

ಎಸ್‌ವಿಜಿ ಓದುವಾಗಲೇ ಎಡವಟ್ಟಾಗುವ ಇನ್ನೆರಡು ಸಂಗತಿಗಳಿವೆ. ಪಾತ್‌ನ ‘ಡಿ’ ಗುಣವನ್ನಷ್ಟೇ (ಆಕಾರದ ಬರಹ) ಓದುವ ಪರಿವರ್ತಕಗಳು ಅದರ ಹೊರಗಿನ ಗುಂಪಿಗೆ ಹಾಕಿದ ಟ್ರಾನ್ಸ್‌ಫಾರ್ಮ್ (ಸರಿಸುವ, ತಿರುಗಿಸುವ, ಹಿಗ್ಗಿಸುವ ಸೂಚನೆ) ನೋಡುವುದಿಲ್ಲ, ಹಾಗಾಗಿ ಚಿಹ್ನೆಯ ತುಂಡುಗಳು ಚೆಲ್ಲಾಪಿಲ್ಲಿಯಾಗಬಹುದು. ಗೆರೆಯ ದಪ್ಪವನ್ನೂ ನೋಡುವುದಿಲ್ಲ. ದಪ್ಪ ಗೆರೆಯಿಂದ ಬರೆದ ಖಾಲಿ ವೃತ್ತ ಇಲ್ಲಿಗೆ ಬಂದಾಗ ತುಂಬಿದ ಬಿಲ್ಲೆಯಾಗಿರುತ್ತದೆ. ಇವನ್ನು ಮೂಲದಲ್ಲೇ ಸರಿಪಡಿಸುವುದು ಒಳ್ಳೆಯದು. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಗುಂಪು ಬಿಚ್ಚಿ, ವಸ್ತುವನ್ನು ಪಾತ್ ಮಾಡಿ, ಗೆರೆಯನ್ನು ಪಾತ್ ಮಾಡಿ, ಕೊನೆಗೆ ಎಲ್ಲವನ್ನೂ ಒಂದೇ ಪಾತ್ ಆಗಿ ಕೂಡಿಸಿ ಉಳಿಸುವಂತೆ ಡಿಸೈನರ್‌ಗೆ ಹೇಳಿ.

ಪಂಪಿನ ರಂಧ್ರ

ಒಂದು ಜಾಗಕ್ಕೆ ಬಣ್ಣ ತುಂಬಬೇಕೋ ಬೇಡವೋ ಎಂದು ತೀರ್ಮಾನಿಸಲು ಎರಡು ನಿಯಮಗಳಿವೆ. ‘ಈವನ್-ಆಡ್’ ನಿಯಮದಲ್ಲಿ ಆ ಜಾಗದಿಂದ ಹೊರಕ್ಕೆ ಒಂದು ಗೆರೆ ಎಳೆದು ಎಷ್ಟು ಅಂಚು ದಾಟಿತು ಎಂದು ಎಣಿಸುವುದು, ಬೆಸ ಬಂದರೆ ತುಂಬುವುದು. ‘ನಾನ್‌ಝೀರೋ’ ನಿಯಮದಲ್ಲಿ ಅಂಚು ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ: ಒಂದು ದಿಕ್ಕಿಗೆ +1, ಎದುರು ದಿಕ್ಕಿಗೆ −1, ಮೊತ್ತ 0 ಬಂದರೆ ಮಾತ್ರ ಖಾಲಿ. ಮ್ಯಾಟ್‌ಪ್ಲಾಟ್‌ಲಿಬ್ ಬಳಸುವುದು ಎರಡನೆಯದನ್ನು. ಡಿಸೈನ್ ತಂತ್ರಾಂಶದಿಂದ ಬರುವ ಐಕಾನ್‌ಗಳಲ್ಲಿ ಎಷ್ಟೋ ‘ಈವನ್-ಆಡ್’ ಎಂದು ಗುರುತು ಹಾಕಿಕೊಂಡು ಬಂದಿರುತ್ತವೆ, ಆ ಗುರುತು ಪರಿವರ್ತನೆಯಲ್ಲಿ ಕಳೆದುಹೋಗುತ್ತದೆ. ಹೊರ ವೃತ್ತ, ಒಳ ತ್ರಿಕೋನ ಎರಡೂ ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ ಮೊತ್ತ 2, ರಂಧ್ರ ಮಾಯ.

ಪಂಪಿನಷ್ಟು ಸರಳ ಚಿಹ್ನೆಗೆ ಎಸ್‌ವಿಜಿ ಸಹವಾಸವೇ ಬೇಡ, ಕೈಯಲ್ಲೇ ಬರೆಯಬಹುದು. ಪಾತ್ ವರ್ಗದಲ್ಲಿ ತ್ರಿಜ್ಯ 1 ಇರುವ ಸಿದ್ಧ ವೃತ್ತವಿದೆ, ಅದು ಅಪ್ರದಕ್ಷಿಣವಾಗಿ ಸುತ್ತುತ್ತದೆ. ಒಳಗಿನ ತ್ರಿಕೋನವನ್ನು ಪ್ರದಕ್ಷಿಣವಾಗಿ ಕೊಡಿ: (−0.35, −0.6)ರಿಂದ (−0.35, 0.6)ಕ್ಕೆ, ಅಲ್ಲಿಂದ (0.7, 0)ಗೆ, ಮತ್ತೆ ಮೊದಲ ಬಿಂದುವಿಗೆ ಬಂದು ಮುಚ್ಚುವುದು. ಎರಡನ್ನೂ ಸಂಯುಕ್ತ ಪಾತ್ ಆಗಿ ಸೇರಿಸಿದರೆ ತ್ರಿಕೋನ ಖಾಲಿಯಾಗಿ ಉಳಿಯುತ್ತದೆ. ದಿಕ್ಕಿನ ಬಗ್ಗೆ ಅನುಮಾನವಿದ್ದರೆ ಪ್ರತಿ ಬಿಂದುವಿನ ಎಕ್ಸ್ ಅನ್ನು ಮುಂದಿನದರ ವೈಯಿಂದ ಗುಣಿಸಿ, ಮುಂದಿನದರ ಎಕ್ಸ್ ಇದರ ವೈಯ ಗುಣಲಬ್ಧ ಕಳೆದು, ಎಲ್ಲ ಕೂಡಿಸಿ ಅರ್ಧ ಮಾಡಿ. ಧನವಾದರೆ ಅಪ್ರದಕ್ಷಿಣ, ಋಣವಾದರೆ ಪ್ರದಕ್ಷಿಣ. ಈ ತ್ರಿಕೋನಕ್ಕೆ −0.63 ಬರುತ್ತದೆ. ವೈಯನ್ನು −1ರಿಂದ ಗುಣಿಸಿದಾಗ ಒಳಗಿನದೂ ಹೊರಗಿನದೂ ಒಟ್ಟಿಗೆ ದಿಕ್ಕು ಬದಲಿಸುತ್ತವೆ, ಅದರಿಂದ ರಂಧ್ರಕ್ಕೆ ಅಪಾಯವಿಲ್ಲ.

ಡಿಸೈನರ್ ಕೊಟ್ಟ ಆಕಾರವನ್ನೇ ಇಟ್ಟುಕೊಳ್ಳಬೇಕು, ಅದರಲ್ಲಿ ವಕ್ರರೇಖೆಗಳೂ ಇವೆ ಎಂದಾದರೆ ಪೈಥಾನ್‌ನಲ್ಲಿ ಬಿಂದುಗಳ ಪಟ್ಟಿಯನ್ನು ಹಿಂದುಮುಂದು ಮಾಡಲು ಹೋಗಬೇಡಿ. ಬಿಂದುಗಳ ಜೊತೆ ಸೂಚನೆಗಳ ಕ್ರಮವನ್ನೂ ಬದಲಿಸಬೇಕು, ಮುಚ್ಚುವ ಸೂಚನೆಯನ್ನು ತೆಗೆದು ಕೊನೆಗೆ ಮತ್ತೆ ಸೇರಿಸಬೇಕು. ಒಂದು ಕಡೆ ತಪ್ಪಿದರೂ ಆಕಾರ ನುಲಿದುಕೊಳ್ಳುತ್ತದೆ. ಇಂಕ್‌ಸ್ಕೇಪ್‌ನ ಪಾತ್ ಮೆನುವಿನಲ್ಲಿ ‘ರಿವರ್ಸ್’ ಇದೆ. ಕೂಡಿಸುವ ಮೊದಲು ಒಳಗಿನ ತುಂಡನ್ನು ಆರಿಸಿ ಅದನ್ನು ಒತ್ತಿದರೆ ಕೆಲಸ ಮುಗಿಯಿತು.

ರಂಧ್ರ ಮಾಯವಾಗಲು ಇನ್ನೂ ಒಂದು ಕಾರಣ ಇರಬಹುದು, ಅದು ಅಂಚಿನ ಗೆರೆ. ‘ಸ್ಕ್ಯಾಟರ್’ ತಾನಾಗಿಯೇ ಒಳಬಣ್ಣದ್ದೇ ಗೆರೆಯನ್ನು 1.5 ಪಾಯಿಂಟ್ ದಪ್ಪಕ್ಕೆ ಎಳೆಯುತ್ತದೆ. ಗೆರೆ ಅಂಚಿನ ಎರಡೂ ಬದಿಗೆ ಅರ್ಧರ್ಧ ಕೂರುವುದರಿಂದ ರಂಧ್ರದ ಪ್ರತಿ ಬದಿಯಿಂದ 0.75 ಪಾಯಿಂಟ್ ಕಬಳಿಸುತ್ತದೆ. ಮೇಲಿನ ಪಂಪನ್ನು 10 ಪಾಯಿಂಟ್ ಅಳತೆಗೆ ಬರೆದರೆ ತ್ರಿಕೋನದ ವಿಸ್ತೀರ್ಣದಲ್ಲಿ ಮೂರನೇ ಒಂದು ಪಾಲಷ್ಟೇ ಉಳಿಯುತ್ತದೆ. ರಂಧ್ರವಿರುವ ಚಿಹ್ನೆಗೆ ಗೆರೆಯ ದಪ್ಪ 0 ಮಾಡಿ.

ಮೂರು ಚಿಹ್ನೆ, ಒಂದೇ ತೂಕ

ಪ್ರತಿ ಆಕಾರವೂ ತನ್ನದೇ ಅತಿ ದೊಡ್ಡ ಬೆಲೆಗೆ ತಕ್ಕಂತೆ ಕುಗ್ಗುತ್ತದೆ ಎಂದೆನಲ್ಲ, ಅದರ ಪರಿಣಾಮಗಳು ನೀವು ಇನ್ನೂ ಕಾಣದ ಕಡೆಗಳಲ್ಲೂ ಇವೆ.

ಮೊದಲನೆಯದು ಕಣ್ಣಿಗೆ ಕಾಣುವ ಗಾತ್ರ. ವಾಲ್ವಿನ ಚಿಹ್ನೆ ಮೂತಿಗೆ ಮೂತಿ ತಾಗಿಸಿದ ಎರಡು ತ್ರಿಕೋನ: (−1, −0.6), (1, 0.6), (1, −0.6), (−1, 0.6), ಮುಚ್ಚು. ಪಂಪು, ವಾಲ್ವು ಎರಡಕ್ಕೂ ಒಂದೇ ಎಸ್ ಕೊಟ್ಟರೂ ವಾಲ್ವು ಬಡಕಲಾಗಿ ಕಾಣುತ್ತದೆ. ಪಂಪಿನ ಬಣ್ಣದ ವಿಸ್ತೀರ್ಣ ವೃತ್ತದ 3.14ರಲ್ಲಿ 0.63 ಕಳೆದು 2.51, ವಾಲ್ವಿನದು 1.2. ಇಬ್ಬರನ್ನೂ ಸರಿಸಮ ಮಾಡಬೇಕಾದರೆ ವಾಲ್ವಿನ ಎಸ್ ಪಂಪಿನ ಸುಮಾರು 2.1 ಪಟ್ಟು ಇರಬೇಕು, ಮಾರ್ಕರ್‌ಸೈಜ್ ಲೆಕ್ಕದಲ್ಲಿ 1.45 ಪಟ್ಟು. ನನ್ನ ಅಭಿಪ್ರಾಯದಲ್ಲಿ ಇಷ್ಟು ಪೂರ್ತಿ ಸರಿದೂಗಿಸಿದರೆ ವಾಲ್ವು ಉದ್ದುದ್ದ ಆಗಿ ಅಕ್ಕಪಕ್ಕದ ಬಿಂದುಗಳ ಮೇಲೆ ಬೀಳುತ್ತದೆ. 1.5 ಪಟ್ಟು ಎಸ್‌ನಿಂದ ಶುರು ಮಾಡಿ ಕಣ್ಣಳತೆಯಲ್ಲಿ ಹೊಂದಿಸಿಕೊಳ್ಳಿ. ಗಾತ್ರವೇ ಏನನ್ನಾದರೂ ಹೇಳುತ್ತಿದ್ದರೆ ಮಾತ್ರ ಬೇರೆ ಬೇರೆ ಆಕಾರಗಳ ಗಾತ್ರವನ್ನು ಹೋಲಿಸುವ ಪರಿಸ್ಥಿತಿ ತರಬೇಡಿ. ಸೋರಿಕೆಗೆ ಗಾತ್ರ ಇರಲಿ, ಪಂಪು ವಾಲ್ವುಗಳ ಅಳತೆ ಬಿಂದುವಿನಿಂದ ಬಿಂದುವಿಗೆ ಬದಲಾಗದೆ ಇರಲಿ.

ಎರಡನೆಯದು, ಎರಡು ಬಣ್ಣದ ಚಿಹ್ನೆ. ಒಂದು ಮಾರ್ಕರ್‌ಗೆ ಒಳಬಣ್ಣ ಒಂದೇ. ಎರಡು ಬಣ್ಣ ಬೇಕಾದರೆ ಎರಡು ಪಾತ್‌ಗಳನ್ನು ಒಂದರ ಮೇಲೊಂದು ಬರೆಯಬೇಕು. ಅವು ಬೇರೆ ಬೇರೆಯಾಗಿ ಕುಗ್ಗುವುದರಿಂದ ಒಳಗಿನ ತುಂಡು ಹೊರಗಿನಷ್ಟೇ ದೊಡ್ಡದಾಗಿಬಿಡುತ್ತದೆ. ಹೊರಗಿನದರ ಅತಿ ದೊಡ್ಡ ಬೆಲೆ 50, ಒಳಗಿನದರದ್ದು 20 ಇದ್ದರೆ ಒಳಗಿನದಕ್ಕೆ ಮಾರ್ಕರ್‌ಸೈಜ್ 0.4 ಪಟ್ಟು, ಎಸ್ ಆದರೆ 0.16 ಪಟ್ಟು ಕೊಡಿ. ನಡು ಲೆಕ್ಕ ಹಾಕುವಾಗಲೂ ಎರಡಕ್ಕೂ ಹೊರಗಿನದರ ನಡುವನ್ನೇ ಕಳೆಯಬೇಕು. ಬಿಂದುಗಳು ಒತ್ತೊತ್ತಾಗಿದ್ದಲ್ಲಿ ಇದು ಕೈಕೊಡುತ್ತದೆ, ಏಕೆಂದರೆ ಮೇಲಿನ ಪದರದ ಎಲ್ಲ ತುಂಡುಗಳೂ ಕೆಳಗಿನ ಪದರದ ಎಲ್ಲದರ ಮೇಲೆ ಬರುತ್ತವೆ. ಹಿಂದೆ ಮರೆಯಾಗಬೇಕಾದ ಪಂಪಿನ ತ್ರಿಕೋನ ಮುಂದಿನ ಪಂಪಿನ ಮೈಮೇಲೆ ಕಾಣಿಸಿಕೊಳ್ಳುತ್ತದೆ.

ಮೂರನೆಯದು ತಿರುಗುವಿಕೆ. ವಾಲ್ವನ್ನು ಕೊಳವೆಯ ಜಾಡಿಗೆ ಹೊಂದಿಸಲು ನೀವು ಪಾತ್‌ನ ಬಿಂದುಗಳನ್ನೇ ತಿರುಗಿಸಿ ಕೊಟ್ಟರೆ ಅತಿ ದೊಡ್ಡ ಬೆಲೆ ಕೋನದ ಜೊತೆ ಬದಲಾಗುತ್ತದೆ, ಚಿಹ್ನೆಯ ಅಳತೆಯೂ ಬದಲಾಗುತ್ತದೆ. ಮೇಲಿನ ವಾಲ್ವನ್ನು 30 ಡಿಗ್ರಿ ತಿರುಗಿಸಿದರೆ ತುದಿ 1ರಿಂದ 1.166ಕ್ಕೆ ಹೋಗುತ್ತದೆ, ಚಿಹ್ನೆ ಸುಮಾರು 14 ಪ್ರತಿಶತ ಚಿಕ್ಕದಾಗುತ್ತದೆ. ಅದರ ಬದಲು ಪಾತ್ ಅನ್ನು ಮಾರ್ಕರ್‌ಸ್ಟೈಲ್ ವಸ್ತುವಿಗೆ ಕೊಟ್ಟು ತಿರುಗುವಿಕೆಯನ್ನು ಅದರ ಟ್ರಾನ್ಸ್‌ಫಾರ್ಮ್ ಆಗಿ ಕೊಡಿ. ಅದು ಕುಗ್ಗಿಸಿದ ನಂತರ ನಡೆಯುವ ಕೆಲಸವಾದ್ದರಿಂದ ಅಳತೆ ಕೆಡುವುದಿಲ್ಲ. ಈ ಸೌಲಭ್ಯ ಇರುವುದು 3.6ನೇ ಆವೃತ್ತಿಯಿಂದ ಈಚೆಗೆ. ಕೋನ ಬದಲಾದಾಗ ಮಾರ್ಕರ್ ಬೇರೆಯಾದಂತೆಯೇ, ಆದ್ದರಿಂದ ಕೋನಗಳನ್ನು 16 ದಿಕ್ಕುಗಳಿಗೆ ದುಂಡುಮಾಡಿಕೊಂಡು ದಿಕ್ಕಿಗೊಂದು ಕರೆ ಬರೆಯುವುದು ಲೇಸು. ಕೊಳವೆಯ ಕೋನವನ್ನು ದತ್ತಾಂಶದ ಅಂಕಿಗಳಿಂದ ಲೆಕ್ಕ ಹಾಕಬೇಡಿ. ಎಕ್ಸ್ ಅಕ್ಷ, ವೈ ಅಕ್ಷಗಳ ಮಾನ ಬೇರೆಯಿದ್ದರೆ ಪರದೆಯ ಮೇಲಿನ ಕೋನವೇ ಬೇರೆ. ಎರಡು ತುದಿಗಳನ್ನೂ ಅಕ್ಷದ ಟ್ರಾನ್ಸ್‌ಡೇಟಾ ಮೂಲಕ ಪಿಕ್ಸೆಲ್‌ಗೆ ಬದಲಿಸಿ ಆಮೇಲೆ ಕೋನ ತೆಗೆಯಿರಿ, ಅದೂ ಅಕ್ಷದ ಮಿತಿ ಮತ್ತು ಚಿತ್ರದ ಅಳತೆ ನಿಗದಿಯಾದ ಮೇಲೆ.

ಪಿಎನ್‌ಜಿ ಅಂಟಿಸುವ ದಾರಿ

ಫೋಟೊ, ಲೋಗೊ, ನಾಲ್ಕಾರು ಬಣ್ಣದ ಚಿಹ್ನೆ ಇದ್ದರೆ ಚಿತ್ರ ಅಂಟಿಸುವುದೇ ಸೂಕ್ತ. ಆಫ್‌ಸೆಟ್‌ಇಮೇಜ್ ಮತ್ತು ಅನೋಟೇಷನ್‌ಬಿಬಾಕ್ಸ್ ಬಳಸಿ ಮಾಡುವ ಕೆಲಸ ಅದು. ಮಸುಕಿಗೆ ಕಾರಣ ಪಿಡಿಎಫ್ ಅಲ್ಲ, ಪಿಕ್ಸೆಲ್ ಕೊರತೆ. ಇಲ್ಲಿ ಚಿತ್ರದ ಒಂದು ಪಿಕ್ಸೆಲ್, ಝೂಮ್ 1 ಇದ್ದಾಗ, ಒಂದು ಪಾಯಿಂಟ್ ಆಗುತ್ತದೆ. 64 ಪಿಕ್ಸೆಲ್ ಚಿತ್ರಕ್ಕೆ 0.25 ಝೂಮ್ ಕೊಟ್ಟರೆ 16 ಪಾಯಿಂಟ್. ಬೇಕಾದ ಪಿಕ್ಸೆಲ್ ಎಷ್ಟೆಂದರೆ ಪಾಯಿಂಟನ್ನು 72ರಿಂದ ಭಾಗಿಸಿ ಡಿಪಿಐಯಿಂದ (ಇಂಚಿಗೆ ಎಷ್ಟು ಪಿಕ್ಸೆಲ್) ಗುಣಿಸಿದಷ್ಟು. 16 ಪಾಯಿಂಟ್ ಚಿಹ್ನೆಗೆ 300 ಡಿಪಿಐಯಲ್ಲಿ 67, 600ರಲ್ಲಿ 133. ಝೂಮ್ 0.5 ಇಟ್ಟು 32 ಪಿಕ್ಸೆಲ್‌ನ ಐಕಾನ್ ಹಾಕಿದ್ದರೆ ಮುದ್ರಣದಲ್ಲಿ ಮಸುಕಾಗದೆ ಇರುವುದಿಲ್ಲ. ಹೀಗೆ ಅಂಟಿಸಿದ ಚಿತ್ರಗಳನ್ನು ಅಕ್ಷದ ಮಿತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅಂಚಿನ ಬಿಂದುಗಳು ಕಾಣದೆ ಹೋಗಬಹುದು. ಮಿತಿಯನ್ನು ನೀವೇ ಕೊಡಿ. ಸಾವಿರಗಟ್ಟಲೆ ಬಿಂದುಗಳಿದ್ದರೆ ಈ ದಾರಿ ಬೇಡ, ಪ್ರತಿಯೊಂದೂ ಪ್ರತ್ಯೇಕ ವಸ್ತುವಾಗಿ ಸ್ಕ್ರಿಪ್ಟ್ ತೆವಳತೊಡಗುತ್ತದೆ.

ಲೆಜೆಂಡಿನಲ್ಲಿ ಚಿತ್ರ ಬರದಿರುವುದೂ ಸಹಜವೇ. ಹೀಗೆ ಸೇರಿಸಿದ ವಸ್ತುಗಳನ್ನು ಲೆಜೆಂಡ್ ಎಣಿಸುವುದಿಲ್ಲ. ಪಾತ್ ಮಾರ್ಕರ್ ಆದರೆ ಕರೆಗೊಂದು ಲೇಬಲ್ ಕೊಟ್ಟರೆ ಸಾಕು, ಅದೇ ಬರುತ್ತದೆ. ಚಿತ್ರವಾದರೆ ಅದೇ ಆಕಾರದ ಪಾತ್ ಇಟ್ಟು, ಗೆರೆ ಇಲ್ಲದ ಒಂದು ಲೈನ್2ಡಿ ವಸ್ತುವನ್ನು ಬದಲಿಯಾಗಿ ಲೆಜೆಂಡಿಗೆ ಕೊಡಬಹುದು. ಚಿತ್ರವೇ ಬರಬೇಕೆಂದರೆ ಲೆಜೆಂಡ್ ಹ್ಯಾಂಡ್ಲರ್ ಬರೆಯಬೇಕು, ಮೂರು ಚಿಹ್ನೆಗೆ ಅಷ್ಟು ಶ್ರಮ ಅನಗತ್ಯ.

ಫಾಂಟಿನ ಅಕ್ಷರವನ್ನೇ ಚಿಹ್ನೆ ಮಾಡುವುದು ಮೂರನೇ ದಾರಿ. ಡಾಲರ್ ಗುರುತಿನ ನಡುವೆ ಕೊಟ್ಟ ಅಕ್ಷರದ ನಡುವನ್ನು ಮ್ಯಾಟ್‌ಪ್ಲಾಟ್‌ಲಿಬ್ ತಾನೇ ಸರಿಪಡಿಸುತ್ತದೆ, ಅದು ಅನುಕೂಲ. ಅಕ್ಷರವನ್ನು ಪಾತ್ ಮಾಡಿಕೊಡುವ ಟೆಕ್ಸ್ಟ್‌ಪಾತ್ ಮೂಲಕ ತೆಗೆದರೆ ಮಾತ್ರ ಅಕ್ಷರ ಅಡಿಗೆರೆಯ ಎಡತುದಿಯಿಂದ ಶುರುವಾಗುತ್ತದೆ, ನಡುವನ್ನು ನೀವೇ ಕಳೆಯಬೇಕು. ಅಪಾಯ ಇರುವುದು ಫಾಂಟಿನಲ್ಲಿ. ನಿಮ್ಮ ಗಣಕದಲ್ಲಿ ಇರುವ ಫಾಂಟು ಸರ್ವರ್‌ನಲ್ಲಿ ಇಲ್ಲದಿದ್ದರೆ ಚಿಹ್ನೆಯ ಬದಲು ಖಾಲಿ ಡಬ್ಬಿ ಬರುತ್ತದೆ. ಫಾಂಟ್ ಕಡತವನ್ನು ಸ್ಕ್ರಿಪ್ಟ್ ಜೊತೆಯಲ್ಲೇ ಇಟ್ಟು ಅದರ ದಾರಿಯನ್ನೇ ಸೂಚಿಸಿ. ಮಾರ್ಕರ್ ಬರಿಯ ಆಕಾರವಾದ್ದರಿಂದ ಎಮೋಜಿಯ ಬಣ್ಣಗಳು ಅದರಲ್ಲಿ ಬರುವುದಿಲ್ಲ. ಕನ್ನಡದ ‘ಪ’, ‘ವ’ದಂಥ ಬಿಡಿ ಅಕ್ಷರ ನಡೆಯುತ್ತದೆ. ಒತ್ತಕ್ಷರ ಬಂದರೆ, ಅಕ್ಷರ ಜೋಡಣೆ ಮಾಡದ ಆವೃತ್ತಿಗಳಲ್ಲಿ ಅದು ಒಡೆದು ಬೀಳುತ್ತದೆ. ಅಂಥದ್ದನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು ಪಾತ್ ಮಾಡಿ ತಂದರೆ ಸರಿಹೋಗುತ್ತದೆ.

ಮುಂದೆ ಇದೇ ಚಾರ್ಟನ್ನು ಬ್ರೌಸರಿಗೆ ಒಯ್ಯುವುದಾದರೆ ಮೇಲಿನ ಲೆಕ್ಕಗಳಲ್ಲಿ ಕೆಲವು ಬದಲಾಗುತ್ತವೆ. ಅಲ್ಲಿ ವೈ ಕೆಳಮುಖ, ಮಗುಚುವ ಅಗತ್ಯವಿಲ್ಲ. ಡಿ3, ಇಚಾರ್ಟ್ಸ್, ಪ್ಲಾಟ್ಲಿ ಅಂದರೆ ಬ್ರೌಸರಿನಲ್ಲಿ ಚಾರ್ಟ್ ಬರೆಯುವ ಲೈಬ್ರರಿಗಳು. ಡಿ3ಯಲ್ಲಿ ನಿಮ್ಮ ಚಿಹ್ನೆ ಅಂದರೆ ‘ಡ್ರಾ’ ಎಂಬ ಒಂದು ಫಂಕ್ಷನ್ ಇರುವ ವಸ್ತು. ಅದಕ್ಕೆ ಬರುವ ಸೈಜ್ ಚದರ ಪಿಕ್ಸೆಲ್‌ಗಳಲ್ಲಿ ವಿಸ್ತೀರ್ಣ (ಪೂರ್ವನಿಗದಿ 64), ಅದರ ವರ್ಗಮೂಲ ತೆಗೆದು ಬಳಸಬೇಕು. ಇಚಾರ್ಟ್ಸ್‌ನಲ್ಲಿ ಪಾತ್‌ನ ಬರಹವನ್ನು ನೇರ ಕೊಡಬಹುದು. ಆದರೆ ಸಿಂಬಲ್‌ಕೀಪ್‌ಆಸ್ಪೆಕ್ಟ್ ಆನ್ ಮಾಡದಿದ್ದರೆ ಅಗಲದ ವಾಲ್ವನ್ನು ಅದು ಚೌಕಕ್ಕೆ ಹಿಗ್ಗಿಸಿ ಕೂರಿಸುತ್ತದೆ. ಪ್ಲಾಟ್ಲಿಯಲ್ಲಿ ಲೇಔಟ್‌ಗೆ ಸೇರಿಸುವ ಚಿತ್ರದ ಅಳತೆಯನ್ನು ಅಕ್ಷಕ್ಕೆ ಕಟ್ಟಿದರೆ ಅದು ದತ್ತಾಂಶದ ಏಕಮಾನದಲ್ಲಿ ಇರುತ್ತದೆ, ಝೂಮ್ ಮಾಡಿದಾಗ ಚಿಹ್ನೆಯೂ ಊದಿಕೊಳ್ಳುತ್ತದೆ.

ವಾರದ ಸ್ಕ್ರಿಪ್ಟಿಗೆ ಸೇರಿಸುವ ಮೊದಲು ಒಂದು ಪರೀಕ್ಷಾ ಹಾಳೆ ಮಾಡಿಕೊಳ್ಳಿ. ಪ್ರತಿ ಚಿಹ್ನೆಗೂ ಒಂದು ಬಿಂದು. ಆ ಬಿಂದುವಿನ ಮೇಲೆ ಮೊದಲು ತಿಳಿ ಬೂದುಬಣ್ಣದ ಸಿದ್ಧ ಚೌಕ, ಅದರ ಮೇಲೆ ಅದೇ ಅಳತೆಯ ನಿಮ್ಮ ಚಿಹ್ನೆ, ಎಲ್ಲದರ ಮೇಲೆ ತೆಳುವಾದ ಕೂಡುವ ಗುರುತು (+). ಸಿದ್ಧ ಚೌಕದ ಬದಿ ಕರಾರುವಾಕ್ಕಾಗಿ ಮಾರ್ಕರ್‌ಸೈಜಿನಷ್ಟೇ ಇರುತ್ತದೆ. ನಡುವಿಗೆ ಕೂರಿಸಿದ ಚಿಹ್ನೆಯ ಅಗಲ ಅಥವಾ ಎತ್ತರ ಅದರ ಅಂಚು ಮುಟ್ಟಬೇಕು. ಮುಟ್ಟದಿದ್ದರೆ ಎಲ್ಲೋ ಒಂದು ಬಿಂದು ಆಕಾರದಿಂದ ಆಚೆ ಬಿದ್ದಿದೆ: ಒಂದೋ ವಕ್ರರೇಖೆಯ ನಿಯಂತ್ರಣ ಬಿಂದು, ಇಲ್ಲವೇ ಕ್ಲೋಸ್‌ಪಾಲಿಯದ್ದು. ಕೂಡುವ ಗುರುತಿನ ಅಡ್ಡಗೆರೆ ಉದ್ದಗೆರೆ ಸಂಧಿಸುವ ಕಡೆ ನೀವು ಬಯಸಿದ ಆಧಾರಬಿಂದು ಇದೆಯೇ ನೋಡಿ. ಇದನ್ನು 100 ಡಿಪಿಐ ಪಿಎನ್‌ಜಿ, 300 ಡಿಪಿಐ ಪಿಎನ್‌ಜಿ, ಪಿಡಿಎಫ್ ಎಂದು ಮೂರು ರೂಪದಲ್ಲಿ ಉಳಿಸಿ ನಿಜವಾದ ಅಳತೆಯಲ್ಲಿ ನೋಡಿ, ಹಿಗ್ಗಿಸಿ ಅಲ್ಲ. 100 ಡಿಪಿಐಯಲ್ಲಿ 8 ಪಾಯಿಂಟ್ ಚಿಹ್ನೆಗೆ ಸಿಗುವುದು 11 ಪಿಕ್ಸೆಲ್ ಮಾತ್ರ. ಪಂಪಿನ ತ್ರಿಕೋನ ಅಷ್ಟರಲ್ಲಿ ಗುರುತು ಸಿಗುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಸಿಗದಿದ್ದರೆ ಅಳತೆ 12ಕ್ಕೆ ಏರಿಸಿ, ಅದಕ್ಕೆ ಜಾಗವಿಲ್ಲವೆಂದರೆ ತ್ರಿಕೋನವನ್ನು ಇನ್ನಷ್ಟು ದೊಡ್ಡದಾಗಿ ಬರೆಸಿ.